ಒಂಬತ್ತನೆಯ ಕಂಬದ ಬುಡ

ವಾರಿಜಾಕ್ಷಿ ಆ ಬೆಳಿಗ್ಗೆ ಎರಡು ಸಲ ಸೀರೆ ಬದಲಾಯಿಸಿದಳು. ಮೊದಲು ಉಟ್ಟ ಜರಿಯಂಚಿನದರಲ್ಲಿ ಯಾರದೋ ಮನೆಯ ಉಪನಯನಕ್ಕೆ ಹೊರಟವಳಂತೆ ಕಂಡಳು. ಆಮೇಲಿನ ಬೂದುಬಣ್ಣದ ಹತ್ತಿ ಸೀರೆಯಲ್ಲಿ, ಸರಳವಾಗಿ ಕಾಣಬೇಕೆಂದು ಹಟ ಹಿಡಿದವಳಂತೆ. ಮೂರನೆಯದನ್ನು ಸುತ್ತಿಕೊಂಡು ಕನ್ನಡಿಯ ಕಡೆ ತಿರುಗದೆ ಹೊರಗೆ ಬಂದಾಗ ಗಂಡ ಮಧ್ವರಾಜ ಊಟದ ಮೇಜಿನ ಮೇಲೆ ಪೇಪರು ಹರಡಿಕೊಂಡು ಅವಳಿಗಾಗಿಯೇ ಕಾಯುತ್ತಿದ್ದ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅವನಿಗೆ ಮನೆಯಲ್ಲೂ ಏನನ್ನಾದರೂ ಓದುವುದೆಂದರೆ ಕೊನೆಯ ಬೆಂಚಿಗೆ ಕೇಳುವಂತೆ ಓದುವುದು.

“ಕೇಳು. ‘ಕಡಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಲಿರುವ ಹನ್ನೆರಡು ಜಾಗಗಳಲ್ಲೂ ಯೋಜನೆಯ ವಿಜ್ಞಾನಿ ಸ್ವತಃ ತಳದವರೆಗೆ ಇಳಿದು ಪರೀಕ್ಷೆ ನಡೆಸಿದ್ದಾರೆ.’ ಇದು ನೀನೇ ಅಲ್ವಾ? ಹೆಸರು ಹಾಕ್ಲಿಲ್ಲ ನೋಡು.”

“ಹೆಸರು ಎಂತಕ್ಕೆ.”

“ಎಂತಕ್ಕೆ ಅಂದ್ರೆ? ನಲ್ವತ್ತೇಳು ಪ್ರಾಯದಲ್ಲಿ ಆ ಸಿಲಿಂಡರ್ ಕಟ್ಟಿಕೊಂಡು ಇಳಿದದ್ದು ನೀನು. ಹೆಸರು ಹಾಕಿದ್ರೆ ಅವರದ್ದೆಂತ ಹೋಗ್ತದೆ?”

ಅವನ ಹೆಮ್ಮೆ ಪ್ರಾಮಾಣಿಕವಾದದ್ದು. ಮದುವೆಯಾದ ಹೊಸದರಲ್ಲಿ, ಅರ್ಚಕರ ಮನೆಯ ಸೊಸೆ ಈಜುಡುಪು ಹಾಕಿ ನೀರಿಗೆ ಹಾರುತ್ತಾಳೆಂದು ನೆಂಟರಿಷ್ಟರು ಪಿಸುಗುಟ್ಟಿದಾಗ, ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕಡಲಿನ ಆಳ, ನೀರಿನ ಒತ್ತಡದ ಲೆಕ್ಕ ವಿವರಿಸಿ ಬಾಯಿ ಮುಚ್ಚಿಸಿದವನು ಅವನು. ದೋಸೆಯ ತುಂಡನ್ನು ಚಟ್ನಿಯಲ್ಲಿ ಅದ್ದಿ ಬಾಯಿಗಿಡುವಾಗ ಅವಳಿಗೆ ಅವನು ಓದಿದ ಒಂದು ಅಕ್ಷರ ಮಾತ್ರ ಗಂಟಲಲ್ಲಿ ಅಡ್ಡವಾಯಿತು. ಜಾಗಗಳಲ್ಲೂ. ಹನ್ನೆರಡು ಜಾಗಗಳಲ್ಲಿ ಎಂದಿದ್ದರೆ ಹೇಗೋ ನುಸುಳಿಕೊಂಡು ಹೋಗಬಹುದಿತ್ತು, ಎಲ್ಲೋ ಒಂದು ಕಡೆ ಬಿಟ್ಟುಹೋಗಿದ್ದರೂ ಆ ಮಾತಿಗೆ ಭಂಗವಿಲ್ಲ. ಆ ‘ಊ’ ಬಾಗಿಲು ಹಾಕಿ ಚಿಲಕ ಜಡಿದುಬಿಟ್ಟಿತ್ತು. ಪೇಪರಿನವನು ತಾನಾಗಿ ಸೇರಿಸಿದ್ದೋ, ಚಿತ್ತರಂಜನ ಹಾಗೆಯೇ ಹೇಳಿ ಬರೆಸಿದ್ದೋ? ಯಾರು ಸೇರಿಸಿದರೂ ತಪ್ಪು ಅವರದ್ದಲ್ಲ. ವರದಿಯ ನಲವತ್ತೊಂದನೆಯ ಪುಟದಲ್ಲಿ ಒಂಬತ್ತನೆಯ ಜಾಗದ ಎದುರು, ‘ಮೆತ್ತನೆಯ ಕೆಸರು, ಜೀವಿಗಳು ಅತಿ ವಿರಳ’ ಎಂದು ಟೈಪು ಮಾಡಿದ್ದು ಅವಳ ಬೆರಳುಗಳು.

ಸ್ಕೂಟರಿನ ಕೀಲಿ ಕೈಗೆತ್ತಿಕೊಂಡವಳು ಮತ್ತೆ ಮೊಳೆಗೇ ತೂಗುಹಾಕಿ, ಉರ್ವ ಮಾರ್ಕೆಟಿನ ಹತ್ತಿರ ಬಂದು ಬಸ್ಸು ಹತ್ತಿದಳು. ಇವತ್ತು ದಾರಿಯ ಮೇಲೆ ಗಮನ ನಿಲ್ಲಲಿಕ್ಕಿಲ್ಲ ಎಂಬ ಅನುಮಾನವಿತ್ತು. ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಇಳಿದು ಜೆಪ್ಪುವಿನ ಬಸ್ಸು ಹಿಡಿಯಬೇಕು. ಅಲ್ಲಿಯ ಸಭಾಭವನದಲ್ಲಿ ಹತ್ತೂವರೆಗೆ ಮೀನುಗಾರರ ಜೊತೆ ಸಭೆ. ಅವರು ಒಪ್ಪಿದರೆ ನಕ್ಷೆಗೆ ಈ ವಾರವೇ ಅಂತಿಮ ಸಹಿ. ಮುಂದಿನ ಸೀಟಿನ ಹೆಂಗಸು ಮಡಿಲಲ್ಲಿ ಬಸಳೆಯ ಕಟ್ಟು ಇಟ್ಟುಕೊಂಡು ಫೋನಿನಲ್ಲಿ ಯಾರಿಗೋ, ಬಂದೆ, ಬಂದೆ, ಲೇಡಿಹಿಲ್ ದಾಟಿದೆ ಎನ್ನುತ್ತಿದ್ದಳು. ಬಸ್ಸು ಇನ್ನೂ ಮಾರ್ಕೆಟಿನ ತಿರುವಿನಲ್ಲೇ ಇತ್ತು. ಎಷ್ಟು ಸಲೀಸಾಗಿ ಹೇಳುತ್ತಾಳೆ. ಹೇಳಿದ ಮೇಲೆ ಬಸ್ಸು ಲೇಡಿಹಿಲ್ ದಾಟಿಯೇ ದಾಟುತ್ತದೆ, ಸುಳ್ಳು ತಾನಾಗಿ ನಿಜವಾಗುತ್ತದೆ. ತನ್ನದೂ ಹಾಗೆಯೇ ಆಗುತ್ತದೆಂದು ಎಂಟು ತಿಂಗಳು ನಂಬಿಕೊಂಡು ಬಂದಿದ್ದಳಲ್ಲವೇ? ಒಂಬತ್ತನೆಯ ಜಾಗದಲ್ಲಿ ಇರುವುದು ಕೆಸರೇ ಇರಬೇಕು. ಎಂಟನೆಯದರಲ್ಲಿ ಕೆಸರಿತ್ತು, ಹತ್ತನೆಯದರಲ್ಲಿ ಕೆಸರಿತ್ತು, ನಡುವೆ ಇನ್ನೇನು ಇದ್ದೀತು.

ಒಂಬತ್ತನೆಯ ಜಾಗಕ್ಕೆ ಹೋದದ್ದು ಮೇ ತಿಂಗಳ ಕೊನೆಯ ವಾರ. ಎರಡು ದಿನ ಕಳೆದರೆ ಮಳೆಗಾಲದ ರಜೆ ಸುರುವಾಗಿ ದೋಣಿಗಳೆಲ್ಲ ದಡಕ್ಕೆ. ಹನ್ನೊಂದು ಜಾಗ ಮುಗಿದಿತ್ತು. ಜೊತೆಗೆ ಮುಳುಗುವ ನಿಯಾಝ್ ಬೆಳಿಗ್ಗೆಯಿಂದ ಕಿವಿಗೆ ಅಂಗೈ ಒತ್ತಿಕೊಂಡು ಕೂತಿದ್ದ. ಕಿವಿಯಲ್ಲಿ ಸೂಜಿ ಚುಚ್ಚಿದ ಹಾಗೆ ಆಗ್ತದೆ ಮೇಡಂ, ನಾಳೆ ನೋಡುವ ಎಂದ. ನಾಳೆ ಎಂಬುದು ಇರಲಿಲ್ಲ. ತೆರೆ ಆಗಲೇ ಏಳುತ್ತಿತ್ತು. ಒಬ್ಬಳೇ ಇಳಿಯಬಾರದು ಎಂಬ ನಿಯಮವನ್ನು ಇಪ್ಪತ್ತು ವರ್ಷ ಬೇರೆಯವರಿಗೆ ಹೇಳಿಕೊಟ್ಟವಳು ತಾನೇ ಸೊಂಟಕ್ಕೆ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ದೋಣಿಯ ಗುಣಪಾಲನ ಕೈಗೆ ಕೊಟ್ಟು ನೀರಿಗೆ ಬಿದ್ದಳು. ಮಾರಿಗೊಂದು ಗಂಟು ಹಾಕಿದ ಹಗ್ಗ. ಹದಿಮೂರು ಮಾರು ಆಳ. ಮೊದಲು ಹಸಿರು, ಆಮೇಲೆ ಗದ್ದೆಯ ನೀರಿನಂಥ ಕಂದು. ನಾಲ್ಕು ಮಾರು ಇಳಿದಿರಬಹುದು, ಕಾಲಿನ ಕೆಳಗೂ ತಲೆಯ ಮೇಲೂ ಒಂದೇ ಬಣ್ಣವಾಗಿ, ತನ್ನ ಉಸಿರಿನ ಸದ್ದು ತನ್ನದಲ್ಲವೆನ್ನಿಸತೊಡಗಿತು. ಏನೂ ಆಗಲಿಲ್ಲ. ಮೀನೊಂದು ಸವರಿಕೊಂಡು ಹೋಗಲಿಲ್ಲ, ಸೆಳವು ಎಳೆಯಲಿಲ್ಲ, ಗಾಳಿ ನಿಲ್ಲಲಿಲ್ಲ. ಆದರೆ ಲಂಗರಿನ ಹಗ್ಗ ಹಿಡಿದ ಬೆರಳುಗಳು ಬಿಗಿದುಕೊಂಡವು, ಎಷ್ಟು ಹೇಳಿದರೂ ಬಿಡಲಿಲ್ಲ. ಹನ್ನೆರಡು ನಿಮಿಷ ಅವಳು ಆ ಕಂದಿನೊಳಗೆ ತೂಗಾಡಿಕೊಂಡಿದ್ದಳು. ಸಾವಿನ ಯೋಚನೆ ಬಂದದ್ದಲ್ಲ, ಮನೆಯಲ್ಲಿ ಗ್ಯಾಸು ಆರಿಸಿದ್ದೇನೋ ಇಲ್ಲವೋ ಎಂದು ಮತ್ತೆ ಮತ್ತೆ ನೆನಪು ಮಾಡಿಕೊಳ್ಳುತ್ತಿದ್ದಳು. ಮೇಲೆ ಬಂದಾಗ ಗುಣಪಾಲ ರಟ್ಟೆ ಹಿಡಿದು ಎಳೆದುಕೊಂಡ. ಅವಳು ದೋಣಿಯ ಅಂಚಿನಲ್ಲಿ ಬಗ್ಗಿ ವಾಂತಿ ಮಾಡುವಾಗ, ಮಕ್ಕಳಿಗೆ ಹಿಡಿಯುವಂತೆ ಹಣೆಗೆ ಅಂಗೈ ಕೊಟ್ಟು ನಿಂತಿದ್ದ. “ಅಡಿಯಲ್ಲಿ ಎಂತ ಉಂಟು ಮೇಡಂ?” ಎಂದು ನಿಯಾಝ್ ಕೇಳಿದ. ಅವಳು ಬಾಯಿ ಒರೆಸಿಕೊಳ್ಳುವ ಮೊದಲೇ ಹೇಳಿದಳು: “ಕೆಸರು. ಎಂತದೂ ಇಲ್ಲ. ಕ್ಯಾಮರಾ ಆನ್ ಆಗ್ಲಿಲ್ಲ.” ಮಾತು ಎಷ್ಟು ಸಿದ್ಧವಾಗಿತ್ತೆಂದರೆ ಅಲ್ಲಿ ಕೆಳಗೆ ತೂಗಾಡುತ್ತಿದ್ದಾಗಲೇ ಅದು ನಾಲಿಗೆಯ ಮೇಲೆ ಬಂದು ಕೂತಿರಬೇಕು.

ಆ ‘ಎಂತದೂ ಇಲ್ಲ’ದ ಮೇಲೆ ಉಳಿದದ್ದೆಲ್ಲ ನಿಂತಿತ್ತು. ಕಡಲಿನ ತಳಕ್ಕೆ ಉಕ್ಕಿನ ಕೊಳವೆ ಬಡಿದು ಗಾಳಿಕಂಬ ನಿಲ್ಲಿಸುತ್ತಾರೆ. ಬುಡದ ಮಣ್ಣನ್ನು ನೀರು ಕೊರೆಯದಂತೆ ಸುತ್ತ ಲೋಡುಗಟ್ಟಲೆ ಕಲ್ಲು ಸುರಿಯುತ್ತಾರೆ. ಬರಿಯ ಕಲ್ಲಿನ ಬದಲು ಟೊಳ್ಳಾದ, ಮೈತುಂಬ ತೂತಿರುವ ಕಾಂಕ್ರೀಟಿನ ಗೂಡುಗಲ್ಲುಗಳನ್ನು ಇಡೋಣ, ಮಣ್ಣೂ ನಿಲ್ಲುತ್ತದೆ, ಮೀನಿಗೂ ಏಡಿಗೂ ಇರಲು ಜಾಗವಾಗುತ್ತದೆ ಎಂದು ನಾಲ್ಕು ವರ್ಷ ಹೋರಾಡಿದವಳು ಅವಳು. ಬರಡು ಕೆಸರಿನಲ್ಲಿ ಹನ್ನೆರಡು ಹೊಸ ಊರು, ಎಂದು ಪ್ರತಿಯೊಂದು ಭಾಷಣದಲ್ಲೂ ಹೇಳುತ್ತಿದ್ದಳು. ಆದರೆ ಅಲ್ಲಿ ಮೊದಲೇ ಊರೊಂದಿದ್ದರೆ? ಇದ್ದ ಮನೆಯ ಮೇಲೆ ಕಲ್ಲು ಹೇರಿ, ನಿಮಗೆ ಮನೆ ಕಟ್ಟಿಕೊಟ್ಟೆ ಎಂದ ಹಾಗಲ್ಲವೇ? ಕಂಡಕ್ಟರ್ “ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್” ಎಂದು ತಗಡು ಬಡಿದ. ಬಸಳೆಯ ಹೆಂಗಸು ಯಾವಾಗಲೋ ಇಳಿದುಹೋಗಿದ್ದಳು.

ಸಭಾಭವನದಲ್ಲಿ ಮದುವೆಯ ಕುರ್ಚಿಗಳನ್ನೇ ಸಾಲಾಗಿ ಹಾಕಿದ್ದರು. ಮುಂದಿನ ಮೇಜಿನ ಮೇಲೆ ಗಾಜಿನ ತೊಟ್ಟಿ, ಅದರೊಳಗೆ ಹನ್ನೆರಡು ಬಿಳಿಯ ಪುಟ್ಟ ಕಂಬ, ಬುಡದಲ್ಲಿ ಸಕ್ಕರೆ ಅಚ್ಚಿನಷ್ಟು ದೊಡ್ಡ ಗೂಡುಗಲ್ಲು, ಯಾರೋ ಆಟಿಕೆಯಂಗಡಿಯಿಂದ ತಂದು ತೇಲಿಬಿಟ್ಟ ಪ್ಲಾಸ್ಟಿಕ್ ಮೀನು. ಯೋಜನೆಯ ಮುಖ್ಯಸ್ಥ ಚಿತ್ತರಂಜನ ಪಂಪ್‌ವೆಲ್‌ನ ಆಫೀಸಿನಿಂದ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದನಂತೆ, ಪ್ಯಾಂಟಿನ ತೊಡೆ ಒದ್ದೆಯಾಗಿತ್ತು. ಅವಳನ್ನು ಪಕ್ಕಕ್ಕೆ ಕರೆದ.

“ಮೇಡಂ, ಇವತ್ತು ಜಾಸ್ತಿ ವಿವರಕ್ಕೆ ಹೋಗ್ಬೇಡಿ. ಅಡ್ಡ ಪ್ರಶ್ನೆ ಬಂದ್ರೆ ಸುಮ್ಮನೆ ನಗಾಡಿ. ಉತ್ತರ ನಾನು ಕೊಡ್ತೇನೆ.”

ಅವಳು ತಲೆಯಾಡಿಸಿದಳು. ತನಗಿಂತ ಹತ್ತು ವರ್ಷಕ್ಕೆ ಚಿಕ್ಕವನಿಂದ ನಗುವ ಅಪ್ಪಣೆ ಪಡೆದದ್ದಕ್ಕೆ ಕಿವಿ ಬಿಸಿಯಾಯಿತು. ಆದರೆ ಅವನ ಮೇಲೆ ಸಿಟ್ಟು ಮಾಡಲು ಅವಳಲ್ಲಿ ಬಂಡವಾಳವಿರಲಿಲ್ಲ. ಬರಿಯ ಕಲ್ಲು ಸಾಕು ಎಂದು ಮೇಲಿನವರು ಮೂರು ಸಲ ಅವಳ ನಕ್ಷೆ ವಾಪಸು ಕಳಿಸಿದಾಗ, ಮೂರು ಸಲವೂ ವಿಮಾನ ಹತ್ತಿ ಹೋಗಿ ಜಗಳಾಡಿ ಬಂದವನು ಅವನು. ಗೂಡುಗಲ್ಲಿನ ವಿಷಯ ಮಾತಾಡುವಾಗ ಅವನ ಮುಖ ಸಣ್ಣ ಮಕ್ಕಳ ಮುಖದಂತೆ ಆಗುತ್ತಿತ್ತು. ಅವನು ನಂಬಿದ್ದು ಕಡಲನ್ನೋ ಮೀನನ್ನೋ ಅಲ್ಲ, ಅವಳನ್ನು.

ಅವಳು ಕನ್ನಡದಲ್ಲಿ ಹದಿನೈದು ನಿಮಿಷ ಮಾತಾಡಿದಳು. ಹಿಂದಿನ ಸಾಲಿನಿಂದ ಯಾರೋ, “ಮೀನು ತಿನ್ನದವರು ಮೀನಿಗೆ ಮನೆ ಕಟ್ಟುದಾ?” ಎಂದರು. ನಗು ಎದ್ದಿತು. ಚಿತ್ತರಂಜನ ಹೇಳಿದಂತೆ ಅವಳೂ ನಕ್ಕಳು. ನಗುವಿನ ನಡುವೆ ಕಣ್ಣು ಕೊನೆಯ ಸಾಲಿಗೆ ಹೋಯಿತು. ಗುಣಪಾಲ ಗೋಡೆಗೆ ಒರಗಿ, ಕೈ ಕಟ್ಟಿ ಕೂತಿದ್ದ. ಬರುತ್ತಾನೆಂದು ಗೊತ್ತಿತ್ತು. ಆದರೂ ಮೆಟ್ಟಿಲೊಂದು ಹೆಚ್ಚಿದೆಯೆಂದು ಕಾಲಿಟ್ಟಲ್ಲಿ ಬರಿ ಗಾಳಿ ಸಿಕ್ಕಂತೆ ಎದೆ ಒಮ್ಮೆ ಕುಸಿಯಿತು.

ಆಗ ಎದ್ದು ನಿಂತವರು ಹಿರಿಯ ಮೀನುಗಾರ ಜಯ ಕರ್ಕೇರರು. ಎಪ್ಪತ್ತು ದಾಟಿದ ದೇಹ, ಮೇಲಿನ ಗುಂಡಿಯವರೆಗೂ ಹಾಕಿದ ಬಿಳಿ ಅಂಗಿ. ಸಭೆಯಲ್ಲಿ ಅವರು ಎದ್ದರೆ ಉಳಿದವರು ಫೋನು ಕೆಳಗಿಡುತ್ತಾರೆಂಬುದನ್ನು ಅವಳು ಗಮನಿಸಿದಳು.

“ಕಂಬ ಬೇಡ ಅಂತ ನಾನು ಹೇಳುದಿಲ್ಲ. ಕರೆಂಟು ನಮ್ಮ ಮನೆಗೂ ಬೇಕು. ಆದ್ರೆ ಆ ಒಂಬತ್ತನೇದು ಉಂಟಲ್ಲ, ಅಲ್ಲಿ ಕಲ್ಲು ಉಂಟು.”

ಚಿತ್ತರಂಜನ ಮೈಕು ಹತ್ತಿರ ಎಳೆದುಕೊಂಡ. “ಕಲ್ಲು ಅಂದ್ರೆ?”

“ಕಲ್ಲು ಅಂದ್ರೆ ಕಲ್ಲು ಮಾರಾಯ್ರೆ. ಅಡಿಯಲ್ಲಿ. ಆಕಾಶ ತಿಳಿ ಇದ್ದಾಗ ಕುದುರೆಮುಖದ ಮೂಗಿಗೂ ಲೈಟ್‌ಹೌಸಿಗೂ ಗೆರೆ ಹಿಡಿದು ನನ್ನ ಅಪ್ಪ ತೋರಿಸಿದ್ದು. ಮುರು ಮೀನು ಮೊಟ್ಟೆ ಇಡ್ಲಿಕ್ಕೆ ಬರ್ತದೆ ಅಲ್ಲಿಗೆ. ಗಾಳಕ್ಕೆ ಒಳ್ಳೆ ಜಾಗ. ಬಲೆ ಬಿಟ್ರೆ ಹರಿದೇ ಹೋಗ್ತದೆ.”

“ನಿಮ್ಮ ಅನುಭವಕ್ಕೆ ಗೌರವ ಉಂಟು ಕರ್ಕೇರರೇ. ಆದ್ರೆ ನಮ್ಮ ಮೇಡಂ ಅಲ್ಲಿ ಸ್ವತಃ ಇಳಿದು ನೋಡಿದ್ದಾರೆ. ಹಗ್ಗ ಹಿಡಿದದ್ದು ನಿಮ್ಮವರೇ. ಗುಣಪಾಲ ಇಲ್ಲೇ ಇದ್ದಾರೆ, ಕೇಳಿ.”

ಎಲ್ಲರೂ ಹಿಂದಕ್ಕೆ ತಿರುಗಿದರು. ಗುಣಪಾಲ ನಿಧಾನವಾಗಿ ಎದ್ದ. ಕರ್ಕೇರರು ದನಿ ಏರಿಸದೆ ಕೇಳಿದರು. “ಹೌದಾ ಗುಣಪಾಲ? ಇಳಿದಿದ್ರಾ ಇವರು?”

“ಇಳಿದಿದ್ರು.”

“ಅಡಿ ಮುಟ್ಟಿದ್ರಾ?”

ಗುಣಪಾಲ ಅವಳ ಕಡೆ ನೋಡಲಿಲ್ಲ, ಕರ್ಕೇರರ ಕಡೆಯೂ ನೋಡಲಿಲ್ಲ. ತನ್ನ ಅಂಗೈಗಳನ್ನು ಒಮ್ಮೆ ಅತ್ತಿತ್ತ ತಿರುಗಿಸಿ, “ಮುಟ್ಟಿದ್ರು” ಎಂದ.

ಹಿಡಿದಿದ್ದ ಉಸಿರು ಅವಳ ಮೂಗಿನಿಂದ ಸದ್ದು ಮಾಡಿಕೊಂಡು ಹೊರಬಂತು. ಪಕ್ಕದವರಿಗೆ ಕೇಳಿಸಿತೋ ಏನೋ. ಪಾರಾದೆ ಎಂದುಕೊಂಡಳು. ಅಷ್ಟರಲ್ಲಿ ಕರ್ಕೇರರು ಕೂತುಕೊಂಡರು. ಕುರ್ಚಿಯ ಕೈ ಹಿಡಿದು, ಹಿಂದೆ ಕುರ್ಚಿ ಇದೆಯೋ ಇಲ್ಲವೋ ಎಂದು ನೋಡಿಕೊಂಡು, ಒಮ್ಮೆಲೇ ವಯಸ್ಸಾದವರಂತೆ. “ಹಾಗಾದ್ರೆ ನನಗೇ ಜಾಗ ತಪ್ಪಿರ್ಬೇಕು” ಎಂದರು, ಸಭೆಗೆ ಅಲ್ಲ, ಪಕ್ಕದವನಿಗೆ. “ಪ್ರಾಯ ಆಯ್ತು. ಗೆರೆ ಎಲ್ಲ ಅಡಿಮೇಲು ಆಗ್ತದೆ ತಲೆಯಲ್ಲಿ.” ಚಿತ್ತರಂಜನ ಚಹಾ ವಿರಾಮ ಘೋಷಿಸಿದ.

ಪಾರಾದದ್ದು ಯಾವುದರಿಂದ? ಗೋಳಿಬಜೆಯ ತಟ್ಟೆ ಕೈಗೆ ಬಂತು. ಯಾರೋ ಚೆನ್ನಾಗಿ ಮಾತಾಡಿದಿರಿ ಎಂದರು. ಅವಳು ನಗುತ್ತಲೇ ಇದ್ದಳು, ಮುಖ ನಗುವುದನ್ನು ನಿಲ್ಲಿಸಲು ಮರೆತಿತ್ತು. ಐವತ್ತು ವರ್ಷ ಒಬ್ಬ ಮನುಷ್ಯ ಅಪ್ಪನಿಂದ ಬಂದದ್ದೆಂದು ತಲೆಯಲ್ಲಿಟ್ಟುಕೊಂಡು ಕಾಪಾಡಿದ ಜಾಗವನ್ನು ತಾನು ಮೈಕು ಕೂಡ ಮುಟ್ಟದೆ ಅಳಿಸಿಹಾಕಿದ್ದಳು. ಅವರು ವಾದ ಮಾಡಿದ್ದರೆ ಒಳ್ಳೆಯದಿತ್ತು. ಬೈದಿದ್ದರೆ ಇನ್ನೂ ಒಳ್ಳೆಯದಿತ್ತು. ಅವರು ನಂಬಿಬಿಟ್ಟರು.

ಗುಣಪಾಲ ಸಭಾಭವನದ ಹಿಂಬದಿಯಲ್ಲಿ, ಕೈತೊಳೆಯುವ ನಲ್ಲಿಯ ಹತ್ತಿರ ನಿಂತಿದ್ದ. ಚಹಾ ತೆಗೆದುಕೊಂಡಿರಲಿಲ್ಲ.

“ಯಾಕೆ ಹಾಗೆ ಹೇಳಿದ್ರಿ ಗುಣಪಾಲಣ್ಣ?”

“ಮತ್ತೆಂತ ಹೇಳುದು?”

“ಹಗ್ಗ ನಿಮ್ಮ ಕೈಯಲ್ಲಿತ್ತು.”

“ನನ್ನ ಕೈಯಲ್ಲೇ ಇತ್ತು. ನಾಲ್ಕು ಗಂಟು ಹೋಯ್ತು. ಐದನೇದು ಹೋಗ್ಲೇ ಇಲ್ಲ.” ಅವನು ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದ, ಹನಿ ನಿಲ್ಲಲಿಲ್ಲ. “ಅಷ್ಟು ಜನರ ಎದುರು ನಿಮ್ಮ ಮರ್ಯಾದೆ ತೆಗೆಯುದು ಹೇಗೆ ಅಕ್ಕ? ಹೆದರಿಕೆ ಯಾರಿಗೆ ಆಗುದಿಲ್ಲ? ನಮ್ಮ ದೋಣಿ ಮಗುಚಿದ ವರ್ಷ ನಾನು ನೀರಿಗೆ ಕಾಲೇ ಇಡ್ಲಿಲ್ಲ. ಮನೆಯ ಜಗಲಿಯಲ್ಲಿ ಕೂತದ್ದು, ಎಂಟು ತಿಂಗಳು. ಜಯಣ್ಣ ಒಂದು ದಿನ ಎಂತ ಏನು ಅಂತ ಕೇಳ್ಲಿಲ್ಲ. ದಿನಾ ಮೀನು ಕಳಿಸ್ತಿದ್ರು ಮನೆಗೆ, ನನ್ನ ಪಾಲು ಅಂತ.”

“ಅವರಿಗೇ ಈಗ...”

“ಹೌದು. ಅವರಿಗೇ ಸುಳ್ಳು ಹೇಳಿದ್ದು.”

ಅವನು ಮತ್ತೆ ಮಾತಾಡಿದಾಗ ದನಿಯಲ್ಲಿ ದೂರು ಇರಲಿಲ್ಲ, ಹವೆಯ ವಿಷಯ ಹೇಳುವವನಂತೆ ಹೇಳಿದ. “ನೀವು ಇನ್ನೊಮ್ಮೆ ಬರ್ತೀರಿ ಅಂತ ಎಣಿಸಿದ್ದೆ. ಮಳೆ ಹೋಗ್ಲಿ, ನೀರು ತಿಳಿಯಾಗ್ಲಿ, ಮೇಡಂ ಫೋನ್ ಮಾಡ್ತಾರೆ ಅಂತ. ನವರಾತ್ರಿ ಕಳೀತು, ದೀಪಾವಳಿ ಕಳೀತು. ಮತ್ತೆ ಆ ಆಸೆ ಬಿಟ್ಟೆ.”

ಅದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಎಂಟು ತಿಂಗಳು ಅವಳು ಸಿಕ್ಕಿಬೀಳುವುದನ್ನು ಮಾತ್ರ ಯೋಚಿಸಿದ್ದಳು. ಹಗ್ಗ ಹಿಡಿದವನು ಏನು ಬಾಯಿಬಿಡುತ್ತಾನೋ, ಅವನ ಹೆಸರು ಫೋನಿನಲ್ಲಿ ಮೂಡಿದರೆ ಏನು ಮಾಡುವುದು ಎಂದು ಹೆದರಿದ್ದಳು. ಅದೇ ಹೊತ್ತಿನಲ್ಲಿ ಅವನು ಬೆಂಗ್ರೆಯ ತನ್ನ ಮನೆಯಲ್ಲಿ ಅವಳ ಫೋನಿಗೆ ಕಾಯುತ್ತಿದ್ದ. ಅವಳಿಗಿಂತ ಒಳ್ಳೆಯವಳಾದ ಒಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಾಯುತ್ತಿದ್ದ. ನವೆಂಬರಿನಲ್ಲಿ ನೀರು ಗಾಜಿನ ಹಾಗೆ ತಿಳಿಯಾಗಿತ್ತು. ಅವಳು ಆಗ ಆಫೀಸಿನ ಕಿಟಕಿಯಿಂದ ಪಂಪ್‌ವೆಲ್‌ನ ಫ್ಲೈಓವರು ನೋಡುತ್ತ ಗೂಡುಗಲ್ಲಿನ ತೂತುಗಳ ಅಳತೆ ತಿದ್ದುತ್ತಿದ್ದಳು.

ವಿರಾಮದ ನಂತರ ಚಿತ್ತರಂಜನ ಮೈಕು ಹಿಡಿದು, ಬೇರೆ ಆಕ್ಷೇಪ ಇಲ್ಲದಿದ್ದರೆ ಎಂದು ಸುರುಮಾಡಿದಾಗ ವಾರಿಜಾಕ್ಷಿ ಎದ್ದಳು. ಹೇಳಬೇಕಾದದ್ದನ್ನು ಅವಳು ನಲ್ಲಿಯಿಂದ ಕುರ್ಚಿಯವರೆಗೆ ಬರುವಷ್ಟರಲ್ಲಿ ಹದಮಾಡಿಕೊಂಡಿದ್ದಳು. ಒಂಬತ್ತನೆಯ ಜಾಗದ ಮಾಹಿತಿಯನ್ನು ಇನ್ನೊಮ್ಮೆ ಪರಿಶೀಲಿಸುವುದು ಸೂಕ್ತ, ಆ ದಿನದ ಹವಾಮಾನ ಅನುಕೂಲವಾಗಿರಲಿಲ್ಲ ಎಂದು. ಬಾಯಿ ತೆರೆದಾಗ ಬಂದದ್ದು ತುಳು. ಮೈಕಿಲ್ಲದ ಅವಳ ದನಿ ಅವಳಿಗೇ ಅಡುಗೆಮನೆಯಿಂದ ಕೂಗಿದಂತೆ ಕೇಳಿಸಿತು.

“ಕರ್ಕೇರರೇ, ಜಾಗ ತಪ್ಪಿದ್ದು ನಿಮಗಲ್ಲ. ಒಂಬತ್ತನೇ ಕಡೆ ನಾನು ಅಡಿವರೆಗೆ ಹೋಗಿಲ್ಲ. ನಾಲ್ಕು ಮಾರು ಹೋದೆ. ಹೆದರಿ ಅಲ್ಲೇ ನಿಂತೆ. ಮೇಲೆ ಬಂದು ಕೆಸರು ಅಂತ ಸುಳ್ಳು ಹೇಳಿದೆ, ವರದಿಯಲ್ಲೂ ಹಾಗೇ ಬರೆದೆ. ಗುಣಪಾಲಣ್ಣ ಸುಳ್ಳು ಹೇಳಿದ್ದು ನನ್ನ ಮುಖ ನೋಡಿ. ಅವರಿಗೆ ಏನೂ ಹೇಳ್ಬೇಡಿ.”

ಗಲಾಟೆ ಏಳುತ್ತದೆ ಎಂದುಕೊಂಡಿದ್ದಳು. ಏಳಲಿಲ್ಲ. ಎದುರು ಸಾಲಿನವನೊಬ್ಬ ಬಾಯಿಗಿಟ್ಟ ಗೋಳಿಬಜೆಯನ್ನು ಅಗಿಯುವುದೋ ಬೇಡವೋ ಎಂದು ನಿಲ್ಲಿಸಿದ. ಚಿತ್ತರಂಜನ ಮೈಕನ್ನು ಮೇಜಿನ ಮೇಲೆ ಮಲಗಿಸಿದ. ಅದು ಉರುಳಿ ಗಾಜಿನ ತೊಟ್ಟಿಗೆ ತಗಲಿ ಸಭಾಭವನದ ತುಂಬ ದೊಡ್ಡದಾಗಿ ಸದ್ದಾಯಿತು. ಅವಳ ಮೈ ಹಗುರಾಗಬೇಕಿತ್ತು. ನಿಜ ಹೇಳಿದ ಮೇಲೆ ಹಾಗಾಗುತ್ತದೆಂದು ಎಲ್ಲರೂ ಹೇಳುತ್ತಾರಲ್ಲ. ಹಗುರಾಗಲಿಲ್ಲ. ಕರ್ಕೇರರು ಕೂತಲ್ಲಿಂದಲೇ ಕೇಳಿದರು.

“ಹಾಗಾದ್ರೆ ಉಳಿದ ಹನ್ನೊಂದು?”

“ಅಲ್ಲೆಲ್ಲ ಇಳಿದಿದ್ದೇನೆ. ಅಡಿವರೆಗೂ.”

“ಅದು ನಮಗೆ ಹೇಗೆ ಗೊತ್ತಾಗ್ಬೇಕಮ್ಮ?”

ಸಿಟ್ಟಿನ ಪ್ರಶ್ನೆಯಲ್ಲ ಅದು. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ ಪ್ರಶ್ನೆ. ಹನ್ನೊಂದು ಕಡೆ ಕೈಯಿಂದ ಕೆಸರು ಬಗೆದು, ಸೀಸೆಗಳಿಗೆ ಹೆಸರು ಬರೆದು, ಬೆನ್ನು ನೋವಾಗುವಷ್ಟು ಕೂತು ಹುಳುಗಳನ್ನು ಎಣಿಸಿದ್ದೆಲ್ಲ ನಿಜ. ಆದರೆ ಆ ನಿಜಕ್ಕೆ ಹೊರಗಿನಿಂದ ಯಾವ ಗುರುತೂ ಇರಲಿಲ್ಲ. ಅದೂ ಅವಳ ಸುಳ್ಳೂ ಒಂದೇ ಅಕ್ಷರಗಳಲ್ಲಿ, ಒಂದೇ ಪುಟದಲ್ಲಿ ಕೂತಿದ್ದವು. “ಗೊತ್ತಾಗುದಿಲ್ಲ” ಎಂದಳು. ಕೂತಳು.

ಹನ್ನೆರಡೂ ಕಡೆ ಹೊಸದಾಗಿ ಇಳಿದು ನೋಡಬೇಕು, ಪ್ರತಿ ಸಲವೂ ಮೀನುಗಾರರ ಸಮಿತಿಯ ಒಬ್ಬರು ಜೊತೆಗಿರಬೇಕು, ಒಂಬತ್ತರಲ್ಲಿ ಕಲ್ಲು ಸಿಕ್ಕಿದರೆ ಆ ಕಂಬ ಒಂದು ಮೈಲಿ ತೆಂಕಕ್ಕೆ ಎಂದು ಅಲ್ಲಿಯೇ ತೀರ್ಮಾನವಾಯಿತು. ಚಿತ್ತರಂಜನ ಎಲ್ಲದಕ್ಕೂ ಹೂಂ ಎಂದ. ಹೊರಗೆ ಕಾರಿನ ಹತ್ತಿರ ತೊಟ್ಟಿಯನ್ನು ಹಿಂದಿನ ಸೀಟಿನಲ್ಲಿಟ್ಟು ಬೆಲ್ಟು ಬಿಗಿಯುತ್ತ, ಅವಳ ಕಡೆ ನೋಡದೆ ಮಾತಾಡಿದ.

“ನನಗೆ ಹೇಳ್ಬಹುದಿತ್ತು. ಮೊದಲು ನನಗೆ.”

“ಹೌದು.”

“ಹೇಳಿದ್ರೆ ಇನ್ನೊಮ್ಮೆ ಇಳಿಸ್ತಿದ್ದೆ, ಮುಗೀತಿತ್ತು. ಈಗ ಎಂತ ಆಗ್ತದೆ ಗೊತ್ತುಂಟಾ? ಇವರ ವಿಜ್ಞಾನವೇ ಸುಳ್ಳು ಅಂತ ಹೇಳಿ ಗೂಡುಗಲ್ಲನ್ನೇ ತೆಗೆದುಹಾಕ್ತಾರೆ. ಬರೀ ಕಲ್ಲು ಸುರೀತಾರೆ. ನಾಲ್ಕು ವರ್ಷದ್ದು.” ಅವನ ದನಿ ಒಡೆಯಿತು, ಅದನ್ನು ಮುಚ್ಚಲು ಕೆಮ್ಮಿದ. “ನಾಳೆಯಿಂದ ಆಫೀಸಿಗೆ ಬರ್ಬೇಡಿ ಮೇಡಂ. ಕಾಗದ ಆಮೇಲೆ ಕಳಿಸ್ತೇನೆ.”

ಮಧ್ವರಾಜ ಸಂಜೆ ಎಲ್ಲವನ್ನೂ ಕೇಳಿಸಿಕೊಂಡು, ಬಹಳ ಹೊತ್ತು ಕನ್ನಡಕ ಒರೆಸಿದ. ಒಬ್ಬಳೇ ಇಳಿದದ್ದಕ್ಕೆ ಸಿಟ್ಟು ಮಾಡಿದ, ಸುಳ್ಳಿನ ಬಗ್ಗೆ ಏನೂ ಹೇಳಲಿಲ್ಲ. ಮಾರನೆಯ ದಿನ ಶಾಲೆಗೆ ಹೊರಟವನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, “ಹನ್ನೆರಡು ನಿಮಿಷ ಅಂದ್ರೆ ಬಹಳ ಹೊತ್ತು, ಅಲ್ವಾ” ಎಂದು ಕೇಳಿದ. ಅವಳು ಉತ್ತರಿಸುವ ಮೊದಲೇ ಗೇಟು ಹಾಕಿಕೊಂಡು ಹೋದ. ಅವನು ರಾತ್ರಿಯಿಡೀ ಅದನ್ನೇ ಲೆಕ್ಕ ಹಾಕುತ್ತ ಮಲಗಿದ್ದನೆಂದು ಅವಳಿಗೆ ಆಗ ಗೊತ್ತಾಯಿತು. ಒಂದು ವಾರ ಅವಳು ಮನೆಯಲ್ಲಿ ಕಪಾಟುಗಳನ್ನು ಇಳಿಸಿ ಒರೆಸಿದಳು, ಇಟ್ಟಲ್ಲೇ ಇಟ್ಟಳು. ಮಾರ್ಕೆಟಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬಳು ಬೆಂಡೆಕಾಯಿ ಮುರಿದು ನೋಡುವುದರಲ್ಲಿ ಮಗ್ನಳಾಗಿ, ಇವಳು ದಾಟಿ ಹೋಗುವವರೆಗೂ ತಲೆ ಎತ್ತಲಿಲ್ಲ. ಎಂಟನೆಯ ದಿನ ಗುಣಪಾಲನ ಹೆಸರು ಫೋನಿನಲ್ಲಿ ಮೂಡಿತು.

“ನಾಳೆ ಒಂಬತ್ತನೇದಕ್ಕೆ ಹೋಗ್ಲಿಕ್ಕುಂಟು. ನಿಯಾಝ್ ಇಳಿಯುದು. ಸಮಿತಿ ಕಡೆಯಿಂದ ಒಬ್ಬರು ಇಳೀಬೇಕಲ್ಲ, ನಮ್ಮಲ್ಲಿ ಸಿಲಿಂಡರ್ ಕಟ್ಟುವವರು ಯಾರೂ ಇಲ್ಲ. ಆ ಹೆಂಗಸೇ ಬರ್ಲಿ ಅಂತ ಜಯಣ್ಣ ಹೇಳಿದ್ರು.”

“ನನ್ನನ್ನು ನಂಬ್ತಾರಾ ಅವರು?”

“ನಂಬುವ ಮಾತು ಹೇಳ್ಲಿಲ್ಲ ಅಕ್ಕ. ಬರ್ಲಿ ಅಂತ ಹೇಳಿದ್ರು.”

ಬೆಳಿಗ್ಗೆ ಕಡಲು ಎಣ್ಣೆ ಸವರಿದಂತೆ ಮಲಗಿತ್ತು. ಕರ್ಕೇರರು ದೋಣಿಯ ಮೂತಿಯಲ್ಲಿ ಕೂತು, ಹಿಂದಕ್ಕೆ ತಿರುಗಿ, ದಡದಾಚೆ ಮಬ್ಬಾಗಿ ಎದ್ದಿದ್ದ ಗುಡ್ಡಸಾಲಿಗೆ ಕಣ್ಣು ಕಿರಿದುಮಾಡಿ, ಇನ್ನು ಸ್ವಲ್ಪ ಬಡಗಕ್ಕೆ, ಇನ್ನು ಸ್ವಲ್ಪ ಎನ್ನುತ್ತ ಗುಣಪಾಲನಿಗೆ ದಾರಿ ಹೇಳಿದರು. ಅವರು ನಿಲ್ಲಿಸು ಎಂದ ಜಾಗವೂ ನಿಯಾಝನ ಯಂತ್ರ ತೋರಿಸಿದ ಜಾಗವೂ ಹತ್ತು ಮಾರಿನ ಅಂತರದಲ್ಲಿದ್ದವು.

ನೀರು ವಾರಿಜಾಕ್ಷಿಯನ್ನು ನುಂಗಿತು. ಹಸಿರು ಆಳಕ್ಕೆ ಹೋದಂತೆ ನೀಲಿಯ ಕಡೆ ತಿರುಗಿತು, ಈ ಸಲ ಕಂದಾಗಲಿಲ್ಲ. ಆದರೂ ನಾಲ್ಕನೆಯ ಮಾರಿನ ಹತ್ತಿರ ಅದು ಬಂತು. ಅಲ್ಲಿಯೇ ಕಾದು ಕೂತಿತ್ತೇನೋ. ಉಸಿರು ಬೇರೆ ಯಾರದೋ ಆಯಿತು, ಬೆರಳು ಲಂಗರಿನ ಹಗ್ಗಕ್ಕೆ ಬಿಗಿಯಿತು. ಒಮ್ಮೆ ಒಪ್ಪಿಕೊಂಡ ಮೇಲೆ ಹೆದರಿಕೆ ಬಿಟ್ಟುಹೋಗುತ್ತದೆಂದು ಅವಳು ಒಳಗೊಳಗೇ ಎಣಿಸಿದ್ದಳು. ಅದು ಹಾಗೆಲ್ಲ ಲೇವಾದೇವಿ ಇಟ್ಟುಕೊಂಡಿರಲಿಲ್ಲ. ಪಕ್ಕದ ನಿಯಾಝ್ ನಿಂತ. ಮೇಲೆ ಹೋಗುವುದಾ ಎಂದು ಹೆಬ್ಬೆರಳು ತೋರಿಸಿ ಕೇಳಿದ. ಅವಳು ತಲೆಯಾಡಿಸಲಿಲ್ಲ. ಅವನು ಕಾದ. ಗುಳ್ಳೆಗಳು ಮೇಲಕ್ಕೆ ಹೋಗುತ್ತಿದ್ದವು, ಒಂದು ಗೊಂಚಲು, ಇನ್ನೊಂದು. ಅವಳು ಎಡಗೈಯಿಂದ ಬಲಗೈಯ ಕಿರುಬೆರಳನ್ನು ಹಗ್ಗದಿಂದ ಬಿಡಿಸಿದಳು. ಆಮೇಲೆ ಉಂಗುರ ಬೆರಳು. ಹೀಗೆ ಒಂದೊಂದನ್ನೇ ಬಿಡಿಸಬೇಕಾಯಿತು. ಬಿಡಿಸಿದ ಕೈಯನ್ನು ಕೆಳಗಿನ ಹಗ್ಗಕ್ಕೆ ದಾಟಿಸಿದಳು, ನಡುಗುತ್ತಲೇ ಇಳಿದಳು.

ಮೊದಲು ಕಂಡದ್ದು ನೆರಳು. ನೆರಳಿಗೆ ಅಂಚು ಬಂತು, ಅಂಚು ಕಲ್ಲಾಯಿತು. ಸೊಂಟದೆತ್ತರದ, ಗದ್ದೆಯ ಬದುವಿನಂತೆ ಅಂಕುಡೊಂಕಾಗಿ ದೂರದವರೆಗೆ ಹೋದ ಕಲ್ಲು. ಅದರ ಮೇಲೆ ಕೆಂಪು ಬೀಸಣಿಗೆಯಂಥ ಹವಳ, ಹಳದಿ ಸ್ಪಂಜು, ಬೆರಳುದ್ದದ ಮೀನುಗಳ ಹಿಂಡು ಒಮ್ಮೆಗೇ ತಿರುಗಿ ಬೆಳ್ಳಿಯಾಗಿ, ಮತ್ತೆ ತಿರುಗಿ ಮಾಯವಾಗುವುದು. ಇದರ ಬುಡಕ್ಕೇ ಉಕ್ಕಿನ ಕೊಳವೆ ಬಡಿಯುವುದಿತ್ತು. ನಿಯಾಝ್ ಎರಡೂ ಕೈಯಲ್ಲಿ ಕ್ಯಾಮರಾ ಹಿಡಿದು ಸುತ್ತ ಬರತೊಡಗಿದ. ಕಂಬ ಇನ್ನು ತೆಂಕಕ್ಕೆ ಸರಿಯುತ್ತದೆ, ಅದಕ್ಕೆ ಅವನ ಚಿತ್ರಗಳು ಸಾಕು. ಅವಳಿಗೆ ಇಲ್ಲಿ ಯಾವ ಕೆಲಸವೂ ಇರಲಿಲ್ಲ. ನೋಡಿದೆ ಎಂದು ಹೇಳುವುದಷ್ಟೇ ಅವಳ ಪಾಲಿನದು.

ಕಲ್ಲಿನ ಸಂದಿಯಿಂದ ಮುರು ಮೀನೊಂದು ದಪ್ಪ ತುಟಿ ಹೊರಹಾಕಿ ಅವಳನ್ನು ನೋಡುತ್ತಿತ್ತು. ಅವಳೂ ನೋಡಿದಳು. ಬಿಲದ ಬಾಯಿ ಕಿರಿದು, ಮೂರು ಬೆರಳು ಕಡಿಮೆ ಒಂದು ಗೇಣು. ಒಳಗೆ ಅದು ಮೊಣಕೈಯಂತೆ ಬಾಗಿ ಕತ್ತಲೆಗೆ ಹೋಗಿತ್ತು. ಪಕ್ಕದ್ದು ಮುಷ್ಟಿಯಷ್ಟು. ಅದರಾಚೆ ಬರಿಯ ಸೀಳು, ಅದರೊಳಗೆ ಮೀಸೆ ಆಡಿಸುವ ಸಿಗಡಿ. ಅವಳ ಗೂಡುಗಲ್ಲಿನ ತೂತುಗಳೆಲ್ಲ ಒಂದೇ ಅಳತೆಯವು, ನೇರವಾದವು, ಈ ಬದಿಯಿಂದ ಆ ಬದಿಗೆ ಬೆಳಕು ಕಾಣುವಂಥವು. ಎಲ್ಲಿಯದೋ ತಣ್ಣನೆಯ ಕಡಲಿನ ಮೀನುಗಳಿಗೆ ಯಾರೋ ಬರೆದ ಪುಸ್ತಕದಿಂದ ತೆಗೆದವು. ಈ ಮುರು ಮೀನು ಅಂಥದ್ದರೊಳಗೆ ಒಂದು ದಿನವೂ ನಿಲ್ಲಲಿಕ್ಕಿಲ್ಲ. ನಾಲ್ಕು ವರ್ಷ, ಮೂರು ವಿಮಾನ, ಎಷ್ಟು ಭಾಷಣ. ನಗು ಬಂತು, ನಗು ಗುಳ್ಳೆಯಾಗಿ ಹೋಯಿತು. ಅವಳು ಸೊಂಟದ ಚೀಲದಿಂದ ಅಳತೆಪಟ್ಟಿ ತೆಗೆದು, ಮೀನಿಗೆ ತಗಲದಂತೆ ಬಿಲದ ಬಾಯಿಗೆ ಹಿಡಿದಳು. ಬರೆಯುವ ಹಲಗೆಯ ಮೇಲೆ ಪೆನ್ಸಿಲು ನಡುಗಿ ಅಂಕಿಗಳು ಸೊಟ್ಟಗಾದವು. ಓದಲು ಬರುವಂತಿದ್ದವು. ಇದನ್ನು ಯಾರು ಕೇಳುತ್ತಾರೆ, ಯಾರ ಮೇಜಿಗೆ ಹೋಗುತ್ತದೆ, ಗೂಡುಗಲ್ಲು ಇನ್ನು ಉಂಟೋ ಇಲ್ಲವೋ, ಒಂದೂ ಗೊತ್ತಿರಲಿಲ್ಲ. ನಿಯಾಝ್ ಹತ್ತಿರ ಬಂದು ಗಾಳಿಯ ಮುಳ್ಳು ತೋರಿಸಿ ಸಾಕು ಎಂದ. ಅವಳು ಒಂದು ಬೆರಳೆತ್ತಿ, ಒಂದು ನಿಮಿಷ ಎಂದು ಕೇಳಿಕೊಂಡು, ಸಿಗಡಿಯ ಸೀಳಿನ ಕಡೆಗೆ ಬಗ್ಗಿದಳು.